ನೋವಿನ ಜೆಲ್ ಪ್ರಾಜೆಕ್ಟ್: ಯಾವ ಮದ್ದು, ಯಾವ ಬೇಸ್, ಯಾವ ಪರೀಕ್ಷೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರದಿಂದ ತಲಪಾಡಿ ದಾಟಿ ಮಂಗಳೂರಿಗೆ ಫಾರ್ಮಸಿ ಕಲಿಯಲು ಹೋಗುವ ನಮ್ಮ ಮಕ್ಕಳು ಪ್ರಾಜೆಕ್ಟ್ ಆರಿಸುವ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ಡೈಕ್ಲೋಫೆನಾಕ್ ಜೆಲ್ ಮಾಡ್ತೇನೆ. ಕಾರ್ಬೊಪಾಲ್ ಹಾಕಲಾ, ಎಚ್‌ಪಿಎಂಸಿ ಹಾಕಲಾ?" ಡೈಕ್ಲೋಫೆನಾಕ್ ನೋವಿನ ಮದ್ದು. ಉಳಿದೆರಡು ಬೇಸ್ ಮಾಡುವ, ಎಂದರೆ ಮದ್ದನ್ನು ಹೊರುವ ಜೆಲ್ ಕಟ್ಟುವ ಪುಡಿಗಳು. ಲ್ಯಾಬಿನ ಕಪಾಟಿನಲ್ಲಿ ಯಾವ ಡಬ್ಬಿ ಇದೆಯೋ ಅದರಿಂದ ಯೋಚನೆ ಶುರುವಾಗುತ್ತದೆ. ನನ್ನ ಪ್ರಕಾರ ಇದು ಹಿಂದುಮುಂದಾದ ದಾರಿ. ಮೊದಲು ಜೆಲ್ ಹಚ್ಚಿಕೊಳ್ಳುವ ಮನುಷ್ಯ. ಆಮೇಲೆ ಮದ್ದು ಮತ್ತು ಅದರ ರೂಪ. ಬೇಸ್ ಬರುವುದು ಅದರ ನಂತರ. ಈ ಕ್ರಮದಲ್ಲಿ ಹೋದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ನಮ್ಮ ಕಡೆ ನೋವಿನ ಜೆಲ್ ಯಾರಿಗೆ ಬೇಕು? ಅಡಿಕೆ ಮರ ಹತ್ತಿ ಭುಜ ಹಿಡಿದುಕೊಂಡವರಿಗೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸಿ ಸೊಂಟ ನೋಯಿಸಿಕೊಂಡವರಿಗೆ. ದಿನವಿಡೀ ನೆಲದಲ್ಲಿ ಕೂತು ಅಡಿಕೆ ಸುಲಿಯುವವರಿಗೆ, ಬೀಡಿ ಕಟ್ಟುವ ಹೆಂಗಸರಿಗೆ. ಮೊಣಕಾಲು ಸವೆದ ಅಜ್ಜಂದಿರಿಗೆ, ಅಜ್ಜಿಯರಿಗೆ. ಇವರಲ್ಲಿ ಜಾಸ್ತಿ ಜನಕ್ಕೆ ಬಿಪಿ ಇರುತ್ತದೆ, ಗ್ಯಾಸ್ಟ್ರಿಕ್ ಇರುತ್ತದೆ. ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ತೊಂದರೆ ಕೊಡಬಹುದು. ಜೆಲ್‌ಗೆ ಬೆಲೆ ಬರುವುದು ಇಲ್ಲಿಯೇ. ಶೇ. 1ರ ಡೈಕ್ಲೋಫೆನಾಕ್ ಸೋಡಿಯಂ ಜೆಲ್ಲನ್ನು ಒಂದು ಮೊಣಕಾಲಿಗೆ ದಿನಕ್ಕೆ 4 ಸಲ, ಸಲಕ್ಕೆ 4 ಗ್ರಾಂನಂತೆ ಹಚ್ಚಿದರೆ, ದಿನಕ್ಕೆ 3 ಬಾರಿ 50 ಮಿಲಿಗ್ರಾಂ ಮಾತ್ರೆ ನುಂಗಿದಾಗ ರಕ್ತಕ್ಕೆ ಸೇರುವ ಮದ್ದಿನ ಸುಮಾರು ಶೇ. 6ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಎರಡು ಮೊಣಕಾಲು, ಎರಡು ಕೈ ಎಲ್ಲಕ್ಕೂ ಸೇರಿಸಿ ದಿನಕ್ಕೆ 48 ಗ್ರಾಂ ಹಚ್ಚಿದರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಹಾಗಾಗಿ "ಹೊರಗೆ ಹಚ್ಚುವುದಲ್ವಾ, ಎಷ್ಟು ಬೇಕಾದರೂ ಹಚ್ಚಬಹುದು" ಎನ್ನುವ ಮಾತು ಸರಿಯಲ್ಲ.

ಹಚ್ಚುವವರ ಮೈ ಹೇಗಿರುತ್ತದೆ ಎಂಬುದನ್ನೂ ನೋಡಿ. ಮಾರ್ಚ್, ಏಪ್ರಿಲ್‌ನ ಸೆಕೆಗೆ ಬೆವರು ನಿಲ್ಲುವುದಿಲ್ಲ. ತೋಟದ ಕೆಲಸ ಎಂದರೆ ಬಿಸಿಲು ಇದ್ದೇ ಇದೆ. ಕೊಳೆರೋಗದ ಮದ್ದಿನ ಮೈಲುತುತ್ತು, ಸುಣ್ಣ ಮುಟ್ಟಿದ ಕೈ ಒಣಗಿ ಬಿರಿದಿರುತ್ತದೆ. ಬೆವರು, ಬಿಸಿಲು, ಬಿರಿದ ಚರ್ಮ. ಈ ಮೂರನ್ನೂ ಮುಂದೆ ಮತ್ತೆ ಮತ್ತೆ ಹೇಳುತ್ತೇನೆ.

ಮದ್ದನ್ನು ಆರಿಸುವುದು

ಚರ್ಮದ ತೀರ ಮೇಲಿನ ಸತ್ತ ಪದರದ ದಪ್ಪ ಬರೇ 10ರಿಂದ 20 ಮೈಕ್ರಾನ್. ಮದ್ದನ್ನು ತಡೆಯುವುದು ಮುಖ್ಯವಾಗಿ ಅದೇ. ನಮ್ಮ ಕೆಂಪುಕಲ್ಲಿನ ಗೋಡೆಯ ಹಾಗೆ ಅಲ್ಲಿ ಸತ್ತ ಕೋಶಗಳು ಕಲ್ಲು, ನಡುವಿನ ಕೊಬ್ಬು ಗಾರೆ. ಮದ್ದು ನುಸುಳುವುದು ಹೆಚ್ಚಾಗಿ ಗಾರೆಯ ಮೂಲಕ. ಅದಕ್ಕೇ ಅಣು ಸಣ್ಣದಿರಬೇಕು, ಅದರ ತೂಕ 500 ಡಾಲ್ಟನ್‌ಗಿಂತ ಕೆಳಗೆ. ಕೊಬ್ಬಿಗೂ ಒಗ್ಗಬೇಕು, ನೀರಿಗೂ ಸ್ವಲ್ಪ ಒಗ್ಗಬೇಕು, ಯಾಕೆಂದರೆ ಆ ಪದರದ ಕೆಳಗಿನ ಜೀವಂತ ಚರ್ಮ ನೀರಿನದು. ಕಡಿಮೆ ಬಿಸಿಗೆ ಕರಗುವ ಮದ್ದಾದರೆ ಇನ್ನೂ ಒಳ್ಳೆಯದು.

ಡೈಕ್ಲೋಫೆನಾಕ್ (296 ಡಾಲ್ಟನ್) ಬಗ್ಗೆ ಜೆಲ್ ರೂಪದಲ್ಲಿ ಸಿಗುವಷ್ಟು ಪುರಾವೆ ಬೇರೆ ಮದ್ದುಗಳಿಗೆ ಸಿಗುವುದು ಕಷ್ಟ. ಉಳುಕಿನಂಥ ಹೊಸ ನೋವಿಗೆ ಡೈಕ್ಲೋಫೆನಾಕ್ ಎಮಲ್ಜೆಲ್ (ಎಣ್ಣೆಯ ಹನಿ ಬೆರೆತ ಜೆಲ್) ಹಚ್ಚಿದ 10 ಜನರಲ್ಲಿ ಸುಮಾರು 8 ಮಂದಿಗೆ ಒಳ್ಳೆಯ ಆರಾಮ ಸಿಕ್ಕಿದೆ. ಮದ್ದಿಲ್ಲದ ಜೆಲ್ ಹಚ್ಚಿದವರಲ್ಲಿ 2 ಮಂದಿಗೆ. ಇದು ಹಲವು ಪ್ರಯೋಗಗಳನ್ನು ಒಟ್ಟುಮಾಡಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯ ಲೆಕ್ಕ. ಆದರೆ ಮೊಣಕಾಲು ಸವೆತದ ಹಳೇ ನೋವಿಗೆ ಬಂದರೆ 2016ರ ವಿಮರ್ಶೆಯಲ್ಲಿ ಅದು 10ಕ್ಕೆ 6 ಮತ್ತು 5. ಇದನ್ನು ಗಮನವಿಟ್ಟು ಓದಿ. ಮದ್ದಿಲ್ಲದ ಜೆಲ್ ಹಚ್ಚಿದ ಅರ್ಧದಷ್ಟು ಜನಕ್ಕೂ 6ರಿಂದ 12 ವಾರಗಳಲ್ಲಿ ನೋವು ತುಂಬ ಇಳಿದಿದೆ. ಹಾಗಾಗಿ ನೀವು ಏನೇ ಮಾಡಿ, ಮದ್ದು ಹಾಕದ ಅದೇ ಬೇಸ್ ಪಕ್ಕದಲ್ಲಿ ಇರಲೇಬೇಕು. ಅದಿಲ್ಲದ ಹೋಲಿಕೆಯನ್ನು ನಾನು ಹೋಲಿಕೆ ಅನ್ನುವುದಿಲ್ಲ.

ಡೈಕ್ಲೋಫೆನಾಕಿನ ಲವಣಗಳ ಬಗ್ಗೆಯೂ ಒಂದು ಮಾತು. ಡೈಇಥೈಲಮೈನ್ ಲವಣ ಶೇ. 1.16 ಹಾಕಿದರೆ ಅದು ಸೋಡಿಯಂ ಲವಣ ಶೇ. 1ಕ್ಕೆ ಸಮ. ಅಂಗಡಿಯ ಟ್ಯೂಬಿನ ಮೇಲೆ 1.16 ಎಂಬ ವಿಚಿತ್ರ ಸಂಖ್ಯೆ ಇರುವುದು ಇದಕ್ಕೇ. ಎರಡನ್ನೂ ಶೇ. 1ರಂತೆ ತೂಗಿ ಹೋಲಿಸಿದರೆ ಶುರುವಿನಲ್ಲೇ ಒಂದಕ್ಕೆ ಅನ್ಯಾಯ.

ಐಬುಪ್ರೊಫೇನ್ (206 ಡಾಲ್ಟನ್) ನನಗೆ ಇಷ್ಟದ ಆಯ್ಕೆ. ಅಣು ಸಣ್ಣದು, ಸುಮಾರು 75ರಿಂದ 78 ಡಿಗ್ರಿಗೇ ಕರಗುತ್ತದೆ, ಚರ್ಮ ದಾಟಲು ಬೇಕಾದ ಗುಣ ಚೆನ್ನಾಗಿದೆ. ಆದರೆ ಶೇ. 5, ಕೆಲವು ಕಡೆ ಶೇ. 10ರಷ್ಟು ಹಾಕಬೇಕಾಗುತ್ತದೆ. ನೀರಿನಲ್ಲಿ ಕರಗದ ಆಮ್ಲ ಅದು. ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಅಥವಾ ಎಣ್ಣೆಯ ಸಹಾಯ ಇಲ್ಲದೆ ನಡೆಯುವುದಿಲ್ಲ. ವಿದ್ಯಾರ್ಥಿಗೆ ತಲೆ ಓಡಿಸಲು ಜಾಗ ಇರುವುದು ಇದರಲ್ಲೇ.

ಕೀಟೊಪ್ರೊಫೇನ್ (254 ಡಾಲ್ಟನ್) ಚರ್ಮವನ್ನು ಚೆನ್ನಾಗಿ ದಾಟುತ್ತದೆ. ಪುಸ್ತಕದ ಗುಣಗಳನ್ನಷ್ಟೇ ನೋಡಿದರೆ ಅದನ್ನೇ ಆರಿಸಬೇಕು ಅನಿಸುತ್ತದೆ. ತೊಂದರೆ ಬಿಸಿಲಿನದು. ಹಚ್ಚಿದ ಜಾಗಕ್ಕೆ ಬಿಸಿಲು ತಾಗಿದರೆ ಕೆಲವರ ಚರ್ಮ ಕೆಟ್ಟದಾಗಿ ಕೆಂಪೇರಿ ಗುಳ್ಳೆ ಏಳುತ್ತದೆ. 2010ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನು ಪರಿಶೀಲಿಸಿ, ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಿ ಎಂದಿತು. ಹಚ್ಚುವಷ್ಟು ದಿನ, ನಿಲ್ಲಿಸಿದ ಮೇಲೂ 2 ವಾರ, ಆ ಜಾಗವನ್ನು ಬಿಸಿಲಿಗೆ ಒಡ್ಡಬಾರದು. ಬರಿಮೈಯಲ್ಲಿ ತೋಟದಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳಿ ಪ್ರಯೋಜನ ಇದೆಯಾ? ಡೈಕ್ಲೋಫೆನಾಕಿಗೂ ಬಿಸಿಲಿನ ಎಚ್ಚರಿಕೆ ಇದೆ ನಿಜ, ಆದರೆ ಅಪಾಯ ಈ ಮಟ್ಟದ್ದಲ್ಲ. ನಮ್ಮೂರಿನವರನ್ನು ಮನಸ್ಸಿನಲ್ಲಿಟ್ಟು ಜೆಲ್ ಮಾಡುವವರಿಗೆ ನಾನು ಕೀಟೊಪ್ರೊಫೇನ್ ಬೇಡ ಅನ್ನುತ್ತೇನೆ.

ಪಿರಾಕ್ಸಿಕಾಂ ಶೇ. 0.5 ಸಾಕು, ಆದರೆ ಸುಮಾರು 200 ಡಿಗ್ರಿವರೆಗೆ ಕರಗದ ಗಟ್ಟಿ ಹರಳು. ಹಳದಿ ಬಣ್ಣ ಬೇರೆ. ಬಿಳಿ ಮುಂಡು ಉಡುವವರು ಎರಡನೇ ಸಲ ಹಚ್ಚುವುದಿಲ್ಲ.

ಇನ್ನು ಅರಸಿನ, ನೆಕ್ಕಿ (ಲಕ್ಕಿ) ಸೊಪ್ಪು. ನೆಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಮೀಯುವುದು ಮೈಕೈ ನೋವಿಗೆ ನಮ್ಮ ಹಿರಿಯರು ಮಾಡಿಕೊಂಡು ಬಂದ ಉಪಾಯ, ಅದರ ಮೇಲೆ ಕೆಲಸ ಮಾಡುವ ಆಸೆ ಒಳ್ಳೆಯದೇ. ಆದರೆ ಸೊಪ್ಪಿನ ಸಾರ ತೆಗೆದು ಜೆಲ್ಲಿಗೆ ಬೆರೆಸಿದರೆ ಮಾತ್ರ ಸಾಲದು. ಅದರಲ್ಲಿರುವ ಒಂದು ಗೊತ್ತಾದ ಅಂಶವನ್ನು ಅಳೆಯುವ ದಾರಿ ನಿಮ್ಮ ಲ್ಯಾಬಿನಲ್ಲಿ ಇರಬೇಕು. ಇಲ್ಲದಿದ್ದರೆ ಮಳೆಗಾಲದ ಸೊಪ್ಪಿನ ಜೆಲ್ಲಿಗೂ ಬೇಸಿಗೆಯ ಸೊಪ್ಪಿನ ಜೆಲ್ಲಿಗೂ ವ್ಯತ್ಯಾಸ ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ಅರಸಿನದ ಕರ್ಕ್ಯುಮಿನ್ (368 ಡಾಲ್ಟನ್) ಅಳೆಯಲು ಸುಲಭ. ಆದರೆ ಅದು ನೀರಿಗೆ ಕರಗುವುದಿಲ್ಲ, ಬೆಳಕಿಗೆ ಹಾಳಾಗುತ್ತದೆ, ಪಿಎಚ್ 7 ದಾಟಿದರೆ ಬೇಗ ಒಡೆದುಹೋಗುತ್ತದೆ. ಆರಿಸುವುದಾದರೆ ಪಿಎಚ್ ಕೆಳಗಿಟ್ಟು, ಬೆಳಕು ತಾಗದ ಟ್ಯೂಬಿನಲ್ಲಿ ತುಂಬಿ.

ಬೇಸ್: ಇಲ್ಲೇ ಜಾಸ್ತಿ ಹೊತ್ತು ಕೊಡಿ

ಕಾರ್ಬೊಪಾಲ್ ನೋಡಲು ಚಂದ. ಶೇ. 0.5ರಿಂದ 1 ಹಾಕಿದರೆ ಸಾಕು, ಗಾಜಿನಂತೆ ತಿಳಿಯಾದ ಜೆಲ್. ಮುಟ್ಟಿದರೆ ತಂಪು, ಅಂಟುವುದಿಲ್ಲ. ನೀರಿನಲ್ಲಿ ನೆನೆಸಿದಾಗ ಅದರ ಪಿಎಚ್ 3ರ ಆಸುಪಾಸು ಇರುತ್ತದೆ. ಟ್ರೈಇಥನಾಲಮೈನ್ ಎಂಬ ಕ್ಷಾರ ಹಾಕಿ 6ರಿಂದ 7ಕ್ಕೆ ತಂದಾಗ ಅದು ಉಬ್ಬಿ ಜೆಲ್ ಆಗುತ್ತದೆ. ಈಗ ಡೈಕ್ಲೋಫೆನಾಕನ್ನು ನೆನಪಿಸಿಕೊಳ್ಳಿ. ಅದರ ಪಿಕೆಎ (ಮದ್ದು ಅರ್ಧ ಆಮ್ಲರೂಪ, ಅರ್ಧ ಲವಣರೂಪದಲ್ಲಿರುವ ಪಿಎಚ್) ಸುಮಾರು 4. ಪಿಎಚ್ ಏರಿಸುವ ಮೊದಲೇ ಲವಣವನ್ನು ಸುರಿದರೆ ಅದು ಆಮ್ಲರೂಪಕ್ಕೆ ತಿರುಗಿ ಬಿಳಿಯಾಗಿ ಕೆಳಗೆ ಕೂರುತ್ತದೆ. ಆಮೇಲೆ ಟ್ರೈಇಥನಾಲಮೈನ್ ಹಾಕಿದರೂ ಎಲ್ಲ ಹರಳು ಕರಗಿತೆಂಬ ಭರವಸೆ ಇಲ್ಲ. ಮೊದಲು ಜೆಲ್ ಕಟ್ಟಿ, ಆಮೇಲೆ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಮದ್ದನ್ನು ನಿಧಾನ ಬೆರೆಸಿ.

ಇದಕ್ಕಿಂತ ದೊಡ್ಡ ತಲೆನೋವು ಲವಣದ್ದು. ಕಾರ್ಬೊಪಾಲ್ ಉಬ್ಬಿ ನಿಲ್ಲುವುದು ಅದರ ಎಳೆಗಳ ಮೇಲಿನ ಋಣ ವಿದ್ಯುತ್ತು ಒಂದನ್ನೊಂದು ದೂಡುವುದರಿಂದ. ಸೋಡಿಯಂ ಬಂದರೆ ಆ ದೂಡುವ ಬಲ ಕುಗ್ಗುತ್ತದೆ, ಜೆಲ್ ನೀರಾಗುತ್ತದೆ. ಡೈಕ್ಲೋಫೆನಾಕ್ ಸೋಡಿಯಂ ತಾನೇ ಒಂದು ಲವಣ. ಬೆವರಿನಲ್ಲಿ ಇರುವುದೂ ಉಪ್ಪೇ. ಶೇ. 0.5ರ ಉಪ್ಪುನೀರನ್ನು ಗಾಜಿನ ಮೇಲೆ ಹಚ್ಚಿದ ಜೆಲ್ಲಿಗೆ ನಾಲ್ಕು ಹನಿ ಬಿಟ್ಟು ಗಾಜನ್ನು ಓರೆಯಾಗಿ ಹಿಡಿಯಿರಿ. ಕಾರ್ಬೊಪಾಲ್ ಜೆಲ್ ಜಾರಿಕೊಂಡು ಹೋಗುವುದನ್ನು ಕಣ್ಣಾರೆ ಕಾಣುತ್ತೀರಿ. ಫ್ಯಾನಿನ ಕೆಳಗೆ ಕೂತವರಿಗೆ ಇದು ಗುಣವೇ, ಜೆಲ್ ಹಚ್ಚಿದ ತಕ್ಷಣ ಒಡೆದು ಹಗುರವಾಗಿ ಹರಡುತ್ತದೆ. ಬೆವರುವ ಭುಜದ ಮೇಲೆ ಅದೇ ಗುಣ ದೋಷ.

ಕಾರ್ಬೊಪಾಲ್ ತರಿಸುವಾಗ ಗ್ರೇಡ್ ನೋಡಿ. 934, 940 ಗ್ರೇಡುಗಳನ್ನು ತಯಾರಿಸುವಾಗ ಬೆಂಜೀನ್ ಬಳಸುತ್ತಾರೆ. ಔಷಧಗಳಲ್ಲಿ ಬೆಂಜೀನಿಗೆ ಇರುವ ಮಿತಿ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಮಾತ್ರ. 940ಕ್ಕೆ ಬದಲಾಗಿ 980 ಇದೆ, ಗಟ್ಟಿತನ ಹೆಚ್ಚುಕಮ್ಮಿ ಅಷ್ಟೇ, ಅದಕ್ಕೆ ಬೆಂಜೀನ್ ಬೇಡ. ಹಳೇ ಪ್ರಬಂಧಗಳಲ್ಲಿ 940 ಎಂದಿದೆ ಅಂತ ನೀವೂ ಅದನ್ನೇ ಬರೆಯಬೇಕಾಗಿಲ್ಲ.

ಎಚ್‌ಪಿಎಂಸಿ ಇದಕ್ಕೆ ಪೂರ್ತಿ ಬೇರೆ ಸ್ವಭಾವದ್ದು. ಅದರ ಎಳೆಗಳಲ್ಲಿ ವಿದ್ಯುತ್ತಿಲ್ಲ. ಹಾಗಾಗಿ ಇಷ್ಟು ಉಪ್ಪಿಗೆ ಹೆದರುವುದಿಲ್ಲ, ಪಿಎಚ್ 3ರಿಂದ 11ರವರೆಗೂ ತಡೆಯುತ್ತದೆ. ಡೈಕ್ಲೋಫೆನಾಕ್ ಸೋಡಿಯಂ ಎಷ್ಟು ಹಾಕಿದರೂ ಕಾರ್ಬೊಪಾಲಿನ ಹಾಗೆ ಕುಸಿಯುವುದಿಲ್ಲ. ಕೆ4ಎಂ ಗ್ರೇಡನ್ನು ಶೇ. 2ರಿಂದ 4 ಹಾಕಿ ನೋಡಿ. ತಣ್ಣೀರಿಗೆ ನೇರ ಸುರಿದರೆ ಗಂಟುಗಂಟಾಗುತ್ತದೆ. ಮೂರನೇ ಒಂದು ಪಾಲು ನೀರನ್ನು 80 ಡಿಗ್ರಿಗೆ ಕಾಯಿಸಿ, ಅದರಲ್ಲಿ ಪುಡಿಯನ್ನು ಕದಡಿ, ಉಳಿದ ನೀರನ್ನು ತಣ್ಣಗೆ ಸೇರಿಸಿ ಒಂದು ರಾತ್ರಿ ಬಿಡಿ. ಗುಳ್ಳೆಗಳೂ ಹೋಗುತ್ತವೆ. ಕೊರತೆ ಏನೆಂದರೆ ಸ್ವಲ್ಪ ಅಂಟು. ಒಣಗಿದಾಗ ತೆಳ್ಳನೆಯ ಪೊರೆ ಕಟ್ಟುತ್ತದೆ, ಅಡಿಕೆ ಸಿಪ್ಪೆಯ ನಾರು, ಧೂಳು ಅದಕ್ಕೆ ಹಿಡಿಯುತ್ತದೆ. ನೋಟದಲ್ಲೂ ಕಾರ್ಬೊಪಾಲಿನ ಹೊಳಪು ಇಲ್ಲ. ಆದರೂ ಡೈಕ್ಲೋಫೆನಾಕ್ ಸೋಡಿಯಂ ಹಿಡಿದುಕೊಂಡವರಿಗೆ ನನ್ನ ಮೊದಲ ಮಾತು ಎಚ್‌ಪಿಎಂಸಿ.

ಬಿಸಿಗೆ ಜೆಲ್ ಆಗುವ ಪೊಲೊಕ್ಸಮರ್ 407 ಎಂಬ ಬೇಸಿನ ಮೇಲೆ ಬಹಳ ವಿದ್ಯಾರ್ಥಿಗಳಿಗೆ ಮೋಹ. ಫ್ರಿಜ್ಜಿನಲ್ಲಿ ನೀರು, ಮೈಮೇಲೆ ಜೆಲ್. ಕೇಳಲು ಸೊಗಸು. ಶೇ. 20ರ ಹತ್ತಿರ ಹಾಕಿದರೆ 25 ಡಿಗ್ರಿ ಆಸುಪಾಸಿನಲ್ಲೇ ಅದು ಗಟ್ಟಿಯಾಗುತ್ತದೆ. ಕಾಸರಗೋಡಿನಲ್ಲಿ ಹಗಲು ಹೊತ್ತು ಕೋಣೆಯೊಳಗೆ ಅದಕ್ಕಿಂತ ತಂಪು ಎಷ್ಟು ದಿನ ಇರುತ್ತದೆ ಹೇಳಿ? ಟ್ಯೂಬಿನೊಳಗೇ ಜೆಲ್ ಆಗಿ ಕೂತಿರುತ್ತದೆ. ಮಾಡುವಾಗ 4, 5 ಡಿಗ್ರಿ ತಂಪು ಬೇಕು, ಕರೆಂಟ್ ಹೋದರೆ ಕೆಲಸ ನಿಂತಿತು. ನೀರು ಸೇರಿದರೆ ಸಡಿಲವಾಗುತ್ತದೆ, ಬೆವರಿಗೂ ಅದೇ ಗತಿ. ಕರಗದ ಮದ್ದನ್ನು ತನ್ನೊಳಗೆ ಕರಗಿಸಿಕೊಳ್ಳುವ ಒಳ್ಳೇ ಗುಣ ಅದಕ್ಕಿದೆ, ಕಣ್ಣಿಗೆ, ಮೂಗಿಗೆ ಬಿಡುವ ಮದ್ದಿಗೆ ತುಂಬ ಉಪಯೋಗ. ಮೊಣಕಾಲಿಗೆ ಬೇಕಾಗಿಲ್ಲ.

ಜೆಲ್ ಕಟ್ಟುವ ಇನ್ನೊಂದು ಪುಡಿ ಸೋಡಿಯಂ ಸಿಎಂಸಿ ಅಗ್ಗ, ಹೇಳಲು ಬೇರೇನಿಲ್ಲ. ಹುಣಸೆ ಬೀಜದ ಅಂಟು, ಮೆಂತ್ಯದ ಅಂಟು ಒಂದೊಂದು ಸಲ ಒಂದೊಂದು ಥರ ಬರುತ್ತವೆ, ಮಳೆಗಾಲದಲ್ಲಿ ಬೇಗ ಬೂಸ್ಟು ಹಿಡಿಯುತ್ತವೆ.

ಎಮಲ್ಜೆಲ್ ಎಂದರೆ ಎಣ್ಣೆಯ ಸಣ್ಣ ಹನಿಗಳನ್ನು ಜೆಲ್ಲಿನಲ್ಲಿ ಹಿಡಿದಿಟ್ಟದ್ದು. ಐಬುಪ್ರೊಫೇನ್‌ನಂಥ ಆಮ್ಲಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗುವುದು ಕಷ್ಟ. ಎಣ್ಣೆ ಯಾವುದು? ತೆಂಗಿನ ಸಂಶೋಧನೆಗೆ ಹೆಸರಾದ ಸಿಪಿಸಿಆರ್‌ಐ ಇರುವ ಜಿಲ್ಲೆಯವರಿಗೆ ತೆಂಗಿನೆಣ್ಣೆಯೇ ನೆನಪಾಗುವುದು ಸಹಜ. ತಪ್ಪಲ್ಲ. ಸುಮಾರು 24 ಡಿಗ್ರಿಗೆ ಕರಗುತ್ತದೆ, ನಮ್ಮ ಹವೆಗೆ ನೀರಾಗಿಯೇ ಇರುತ್ತದೆ. ಆದರೆ ಒಂದು ಎಚ್ಚರಿಕೆ. ಲಾರಿಕ್ ಆಮ್ಲ ಚರ್ಮದ ತಡೆಯನ್ನು ಸಡಿಲಿಸುತ್ತದೆ ಎನ್ನುವುದು ನಿಜ, ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಇರುವುದೂ ನಿಜ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿಲ್ಲ, ಗ್ಲಿಸರಾಲಿಗೆ ಕಟ್ಟಿಕೊಂಡಿದೆ. ಎರಡನ್ನೂ ಒಂದೇ ಎಂದು ವರದಿಯಲ್ಲಿ ಬರೆಯಬೇಡಿ, ಪರೀಕ್ಷೆ ಮಾಡಿ ತೋರಿಸಿ. ಎಣ್ಣೆ ಕನರುತ್ತಿದೆಯೇ ಎಂದು ತಿಳಿಸುವ ಪೆರಾಕ್ಸೈಡ್ ಮೌಲ್ಯವನ್ನೂ ತಿಂಗಳು ತಿಂಗಳು ನೋಡಿ.

ಚರ್ಮ ದಾಟಿಸುವ ಸಹಾಯಕರು

ಇಲ್ಲಿ ಎಲ್ಲರೂ "ಜಾಸ್ತಿ ಹಾಕಿದರೆ ಜಾಸ್ತಿ ಒಳಗೆ ಹೋಗುತ್ತದೆ" ಎಂದುಕೊಳ್ಳುತ್ತಾರೆ. ಹಾಗಿಲ್ಲ. ಮದ್ದು ಬೇಸ್ ಬಿಟ್ಟು ಚರ್ಮಕ್ಕೆ ಹೋಗಬೇಕಾದರೆ ಅದಕ್ಕೆ ಬೇಸಿನಲ್ಲಿ ಇನ್ನು ಕರಗಿರಲು ಜಾಗ ಇಲ್ಲ ಎಂಬಷ್ಟು ತುಂಬಿರಬೇಕು. ಪ್ರೊಪಿಲೀನ್ ಗ್ಲೈಕಾಲನ್ನು ಶೇ. 10ರಿಂದ 40ಕ್ಕೆ ಏರಿಸಿದರೆ ಮದ್ದು ಅದರಲ್ಲೇ ಸುಖವಾಗಿ ಉಳಿದುಬಿಡಬಹುದು. ಎಮಲ್ಜೆಲ್ಲಿನ ಎಣ್ಣೆಗೂ ಇದೇ ಮಾತು. ಹಾಗಾಗಿ ಬೇಸಿನಲ್ಲಿ ಮದ್ದು ಎಷ್ಟು ಕರಗುತ್ತದೆ ಎಂದು ಮೊದಲು ಅಳೆಯಿರಿ, ಆಮೇಲೆ ಸಹಾಯಕದ ಪ್ರಮಾಣ ಗೊತ್ತುಮಾಡಿ.

ಇಥನಾಲ್ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಗ ಒಣಗುತ್ತದೆ. ಆದರೆ ಬಿರಿದ ಕೈಗೆ ಉರಿ. ಮೆಂತಾಲ್ ತಂಪು ಕೊಡುತ್ತದೆ, ಚರ್ಮವನ್ನೂ ಸಡಿಲಿಸುತ್ತದೆ. ಆದರೆ ಆರಾಮ ಸಿಕ್ಕಿದ್ದು ಮದ್ದಿನಿಂದಲೋ ತಂಪಿನಿಂದಲೋ ಬೇರ್ಪಡಿಸಲು ಆಗುವುದಿಲ್ಲ. ಖಾಲಿ ಬೇಸಿಗೂ ಅಷ್ಟೇ ಮೆಂತಾಲ್ ಹಾಕಲೇಬೇಕು. ಡಿಎಂಎಸ್‌ಒ ಎಂಬ ದ್ರಾವಕ ಬಲವಾದದ್ದು, ಡೈಕ್ಲೋಫೆನಾಕಿನ ಶೇ. 1.5ರ ಒಂದು ವಿದೇಶಿ ದ್ರಾವಣದಲ್ಲಿ ಅದು ಶೇ. 45.5 ಇದೆ. ಬಾಯಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಚರ್ಮ ಒಣಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಶೇ. 10 ಮತ್ತು ಸ್ವಲ್ಪ ಆಲ್ಕೋಹಾಲ್, ಇಷ್ಟರಿಂದ ಶುರುಮಾಡಿ.

ಎಥೋಸೋಮ್, ನಿಯೋಸೋಮ್, ನ್ಯಾನೋಎಮಲ್ಜೆಲ್ (ಮದ್ದನ್ನು ತೀರ ಸಣ್ಣ ಕಣಗಳಲ್ಲಿ ತುಂಬುವ ವಿಧಾನಗಳು) ಬಗ್ಗೆ ಒಂದೇ ಪ್ರಶ್ನೆ: ಕಣದ ಗಾತ್ರ ಅಳೆಯುವ ಯಂತ್ರ ನಿಮ್ಮ ಕಾಲೇಜಿನಲ್ಲಿದೆಯಾ? ಇಲ್ಲವಾದರೆ ಬಿಟ್ಟುಬಿಡಿ.

ಪರೀಕ್ಷೆಯ ಆಯ್ಕೆ

ಅತಿ ಹೆಚ್ಚು ಕಾಣುವ ತೀರ್ಮಾನ ಇದು: "ಎಫ್5 ಸೂತ್ರ 8 ಗಂಟೆಯಲ್ಲಿ ಶೇ. 95 ಮದ್ದು ಬಿಡುಗಡೆ ಮಾಡಿತು, ಆದ್ದರಿಂದ ಉತ್ತಮ." ಸೆಲೊಫೇನ್ ಅಥವಾ ಮೊಟ್ಟೆಯ ಪೊರೆಯ ಮೇಲೆ ಮಾಡಿದ ಪರೀಕ್ಷೆ ಹೇಳುವುದು ಜೆಲ್ಲಿನಿಂದ ಮದ್ದು ಹೊರಬಂತು ಎಂದಷ್ಟೇ. ಚರ್ಮ ದಾಟಿತು ಎಂದಲ್ಲ. ಆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನೀರಾದ ಜೆಲ್ಲೇ ಗೆಲ್ಲುತ್ತದೆ. ಬ್ಯಾಚುಗಳನ್ನು ತಮ್ಮತಮ್ಮೊಳಗೆ ಹೋಲಿಸಲು ಅದು ಒಳ್ಳೆಯದು, ಅಲ್ಲಿಗೇ ನಿಲ್ಲಿಸಿ.

ಚರ್ಮ ಬೇಕಾದರೆ ಹಂದಿಯ ಕಿವಿಯ ಚರ್ಮ ಮನುಷ್ಯರದಕ್ಕೆ ಹತ್ತಿರ. ಮಾಂಸದಂಗಡಿಯವರು ಬಿಸಿನೀರು ಹೊಯ್ಯುವ ಮೊದಲೇ ತೆಗೆದುಕೊಡಬೇಕು, ಬಿಸಿ ತಾಗಿದರೆ ತಡೆಯುವ ಪದರ ಹಾಳು. ಇಲಿಯ ಚರ್ಮ ಮನುಷ್ಯರದಕ್ಕಿಂತ ತುಂಬ ಸಡಿಲ, ಅದರಲ್ಲಿ ಎಲ್ಲ ಸೂತ್ರಗಳೂ ಚೆನ್ನಾಗಿ ಕಾಣುತ್ತವೆ. ಫ್ರಾಂಜ್ ಸೆಲ್ಲಿನಲ್ಲಿ (ಚರ್ಮದ ಮೇಲೆ ಜೆಲ್, ಕೆಳಗೆ ದ್ರವ ಇಟ್ಟು ನೋಡುವ ಗಾಜಿನ ಸಾಧನ) ಚರ್ಮದ ಮೇಲ್ಮೈ 32 ಡಿಗ್ರಿ ಇರಲಿ. ಜೆಲ್ಲನ್ನು ಗ್ರಾಂಗಟ್ಟಲೆ ಪೇರಿಸಬೇಡಿ, ಚದರ ಸೆಂಟಿಮೀಟರಿಗೆ ಕೆಲವೇ ಮಿಲಿಗ್ರಾಂ ಹಚ್ಚಿ, ಮನುಷ್ಯರು ಹಚ್ಚುವುದು ಅಷ್ಟೇ ಅಲ್ವಾ. ಕೆಳಗೆ ಇಳಿದದ್ದನ್ನು ಅಳೆದರೆ ಸಾಲದು, ಚರ್ಮದಲ್ಲಿ ಉಳಿದದ್ದನ್ನೂ ತೆಗೆದು ಅಳೆಯಿರಿ. ಹತ್ತಿರದ ಕೀಲಿಗೆ ಇಳಿಯಬೇಕಾದದ್ದು ಆ ದಾಸ್ತಾನಿನಿಂದಲೂ ಹೋಗುತ್ತದೆ.

ಮದ್ದು ಹೀರಿದ ಬೆಳಕಿನಿಂದ ಅದರ ಪ್ರಮಾಣ ಹೇಳುವ ಯುವಿ ಯಂತ್ರದಲ್ಲಿ ಡೈಕ್ಲೋಫೆನಾಕ್ ಓದುವುದು 276 ನ್ಯಾನೋಮೀಟರಿನಲ್ಲಿ. ಚರ್ಮದಿಂದ ಸೋರುವ ಪ್ರೋಟೀನ್ ಕೂಡ 280ರ ಹತ್ತಿರವೇ ಬೆಳಕು ಹೀರುತ್ತದೆ. ಖಾಲಿ ಜೆಲ್ ಹಚ್ಚಿದ ಚರ್ಮದ ಓದನ್ನು ಕಳೆಯದಿದ್ದರೆ ನೀವು ಮದ್ದಿನ ಜೊತೆ ಹಂದಿಯ ಪ್ರೋಟೀನನ್ನೂ ಎಣಿಸಿದಿರಿ. ಎಚ್‌ಪಿಎಲ್‌ಸಿ (ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸಿಕ್ಕಿದರೆ ಅದನ್ನೇ ಬಳಸಿ.

ಕೆಡುವಿಕೆಯ ಪರೀಕ್ಷೆಗೆ 40 ಡಿಗ್ರಿ, ಶೇ. 75 ತೇವಾಂಶ, 6 ತಿಂಗಳು ಎನ್ನುವುದು ವಾಡಿಕೆ. ಅದರ ಜೊತೆಗೆ ಒಂದೆರಡು ಟ್ಯೂಬನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯ ಕಪಾಟಿನಲ್ಲಿಯೂ ಇಡಿ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯ ಊರು ನಮ್ಮದು. ಡಬ್ಬಿಗಿಂತ ಅಲ್ಯೂಮಿನಿಯಂ ಟ್ಯೂಬ್ ವಾಸಿ, ಒದ್ದೆ ಬೆರಳು ಒಳಗೆ ಹೋಗುವುದಿಲ್ಲ, ಒತ್ತಿದ ಮೇಲೆ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ.

ಹಾಗಾದರೆ ಯಾವುದು?

ಸಮಯ ಕಡಿಮೆ, ಯುವಿ ಯಂತ್ರ ಮಾತ್ರ ಇದೆ ಎಂದರೆ ಡೈಕ್ಲೋಫೆನಾಕ್ ಸೋಡಿಯಂ ಶೇ. 1, ಎಚ್‌ಪಿಎಂಸಿ ಕೆ4ಎಂ. ಅದೇ ಮದ್ದನ್ನು ಕಾರ್ಬೊಪಾಲ್ 980ರಲ್ಲೂ ಮಾಡಿ, ಎರಡನ್ನೂ ಉಪ್ಪುನೀರಿನ ಪರೀಕ್ಷೆಗೆ ಒಡ್ಡಿ. ಆ ಒಂದು ಹೋಲಿಕೆಯೇ ನಿಮ್ಮ ಪ್ರಾಜೆಕ್ಟಿನ ತೂಕ ಹೆಚ್ಚಿಸುತ್ತದೆ. ಸಮಯವೂ ಎಚ್‌ಪಿಎಲ್‌ಸಿಯೂ ಇದ್ದರೆ ಐಬುಪ್ರೊಫೇನ್ ಶೇ. 5ರ ಎಮಲ್ಜೆಲ್, ತೆಂಗಿನೆಣ್ಣೆಯ ಒಂದು ಸೂತ್ರ, ಬೇರೆ ಎಣ್ಣೆಯ ಒಂದು ಸೂತ್ರ, ಹಂದಿ ಕಿವಿಯ ಚರ್ಮ. ಡೈಇಥೈಲಮೈನ್ ಲವಣವನ್ನೇ ಮಾಡಬೇಕೆಂದಿದ್ದರೆ ಕಾರ್ಬೊಪಾಲಿನ ಎಮಲ್ಜೆಲ್ ನಡೆಯುತ್ತದೆ, ಅಂಗಡಿಯಲ್ಲಿ ಸಿಗುವ ಹೆಸರಾದ ಎಮಲ್ಜೆಲ್ಲಿನಲ್ಲೂ ಇರುವುದು ಅದೇ ಜಾತಿಯ ಪಾಲಿಮರ್.

ಮಾಡಿದ ಜೆಲ್ಲನ್ನು ಮನೆಗೆ ತಂದು ಅಜ್ಜಿಯ ಮೊಣಕಾಲಿಗೆ ಹಚ್ಚಬೇಡಿ. ಪಕ್ಕದ ಮನೆಯವರು "ಸ್ವಲ್ಪ ಕೊಡು ಮಗಾ" ಎಂದು ಕೇಳಿಯೇ ಕೇಳುತ್ತಾರೆ, ಕೊಡಬೇಡಿ. ಮನುಷ್ಯರ ಮೇಲೆ ನೋಡಲು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಮಾರಲು ತಯಾರಿಸಬೇಕಾದರೆ 1940ರ ಔಷಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಆಸ್ಪಿರಿನ್‌ನಿಂದ ಉಬ್ಬಸ ಬರುವವರಿಗೆ ಈ ಜಾತಿಯ ಮದ್ದು ಹೊರಗೆ ಹಚ್ಚಿದರೂ ಆಗದು. ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಬೇಡವೇ ಬೇಡ. ಕತ್ತಿ ತಾಗಿದ ಗಾಯ, ಸುಣ್ಣ ತಿಂದ ಚರ್ಮದ ಮೇಲೂ ಹಚ್ಚಬಾರದು, ಅಲ್ಲಿ ತಡೆಯುವ ಪದರವೇ ಇರುವುದಿಲ್ಲ. ಕೇಳಿದವರಿಗೆ ಇಷ್ಟನ್ನು ಹೇಳಿ, ಡಾಕ್ಟರಿಗೆ ತೋರಿಸಿ ಅಂಗಡಿಯ ಟ್ಯೂಬನ್ನೇ ತೆಗೆದುಕೊಳ್ಳಲು ಹೇಳಿ. ಉಳಿದ ಜೆಲ್ ಲ್ಯಾಬಿನಲ್ಲೇ, ತಾರೀಕು ಮತ್ತು ಬ್ಯಾಚ್ ನಂಬರ್ ಬರೆದು ಇರಲಿ. ವೈವಾದ ದಿನ ಪರೀಕ್ಷಕರು ಅದನ್ನು ಕೇಳುತ್ತಾರೆ.